ಹುಣಸೆ ಗೋದಾಮಿನ ಚಳಿಗಾಲ

ನನ್ನ ತಂಗಿ ಶೈಲಾ ನನಗೆ ವಹಿಸಿದ್ದು ಒಂದೇ ಕೆಲಸ, ಒಂದು ಕೋಣೆಯ ಚಳಿ ಕೆಡದಂತೆ ನೋಡಿಕೊಳ್ಳುವುದು. ನಾನು ನೋಡಿಕೊಳ್ಳಲಿಲ್ಲ. ನೋಡಿಕೊಳ್ಳಲಿಲ್ಲ ಎಂದು ಅವಳಿಗೆ ಹೇಳಲೂ ಇಲ್ಲ. ಮೊದಲನೆಯದನ್ನು ಮೈಮರೆವು ಅಂದುಕೊಂಡು ಯಾರಾದರೂ ಬಿಟ್ಟಾರು. ಎರಡನೆಯದಕ್ಕೆ ಏನು ಹೆಸರಿಡಬೇಕೋ ಓದಿದವರು ಹೇಳಬೇಕು. ನಾನು ಓದಿದ್ದು ಏಳನೇ ಕ್ಲಾಸು.

ಹೋದ ತಿಂಗಳು ಶೈಲಾ ಗುಬ್ಬಿಯಿಂದ ಫೋನ್ ಮಾಡಿ, ‘ನಮ್ಮನೆ ಫ್ರಿಜ್ ತಣ್ಣಗಾಗ್ತಾನೇ ಇಲ್ಲ ಅಣ್ಣ, ಬಿಡುವಾದಾಗ ಒಂಚೂರು ಬಂದು ನೋಡ್ತೀಯಾ?’ ಅಂದಳು. ಈಗ ನನಗೆ ಮರಳೂರಿನಲ್ಲಿ ಫ್ರಿಜ್ ರಿಪೇರಿಯ ಸಣ್ಣ ಅಂಗಡಿ ಇದೆ. ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಗುಬ್ಬಿ ಬಸ್ಸಿಗೆ ಕಾಯುತ್ತಿದ್ದೆ. ಊರ್ಡಿಗೆರೆ ಕಡೆಯಿಂದ ಬಂದ ಟೆಂಪೋ ಒಂದು ಸಿಗ್ನಲ್ಲಿನಲ್ಲಿ ನನ್ನ ಮುಂದೆಯೇ ನಿಂತಿತು. ಮೇಲೆ ಹುಣಸೆಹಣ್ಣಿನ ಮೂಟೆಗಳು. ಹುಳಿ, ಬೆಲ್ಲ, ಗೋಣಿಯ ಧೂಳು ಎಲ್ಲ ಸೇರಿದ ಹೊಸ ಹಣ್ಣಿನ ವಾಸನೆ. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಬಾಯಿ ಒಣಗಿತು. ಬಸ್ಸು ಹತ್ತಿ ಕೂತ ಮೇಲೂ ಆ ವಾಸನೆ ಬಿಡಲಿಲ್ಲ. ನಾಲ್ಕು ವರ್ಷದ ಹಿಂದಿನ ಆ ಬೇಸಿಗೆ ನನ್ನ ಪಕ್ಕದ ಸೀಟಿನಲ್ಲೇ ಬಂದು ಕೂತ ಹಾಗಿತ್ತು.

ಆಗ ನಾನು ನಜೀರ್ ಸಾಬರ ಕೋಲ್ಡ್ ಸ್ಟೋರೇಜಿನಲ್ಲಿ ಆಪರೇಟರ್ ಆಗಿದ್ದೆ. ತುಮಕೂರಿನಲ್ಲಿ ಹುಣಸೆ ಸುಗ್ಗಿ ಅಂದರೆ ಬಿಸಿಲು ಏರುವ ಕಾಲ. ಬೀಜ ತೆಗೆದ ಹಣ್ಣು ಸೆಕೆಗೆ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಅದಕ್ಕೆ ವ್ಯಾಪಾರಿಗಳು ತಂದು ತಣ್ಣನೆ ಕೋಣೆಯಲ್ಲಿ ಒಟ್ಟುತ್ತಾರೆ. ಹೊರಗೆ ಹಮಾಲರು ಬೆವರಿನಲ್ಲಿ ತೊಯ್ದಿದ್ದರೆ ನಾನು ಒಳಗೆ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದೆ. ಮಷೀನಿನ ಸದ್ದು ಒಂದು ಎಳೆ ಬದಲಾದರೂ ನನಗೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಚಳಿ ನನ್ನ ಕಸುಬು ಅನ್ನುವ ಜಂಬ ನನಗಿತ್ತು.

ಶೈಲಾ ಕೃಷಿ ಓದಿದವಳು. ಗುಬ್ಬಿಗೆ ಮದುವೆಯಾದ ಮೇಲೂ ಸಂಶೋಧನೆ ಬಿಟ್ಟಿರಲಿಲ್ಲ. ಉತ್ತರದ ಬೆಟ್ಟಗಳಲ್ಲಿ, ಹಿಮ ಬೀಳುವ ಊರುಗಳಲ್ಲಿ ಬೆಳೆಯುವ ಗೋಧಿ ಅವಳ ವಿಷಯ. ಅಲ್ಲಿಗೆ ಹೋಗಿದ್ದಾಗ ಒಬ್ಬರು ಅಜ್ಜಿ ಅವಳಿಗೆ ಒಂದು ಸಣ್ಣ ಚೀಲ ಕೆಂಪು ಗೋಧಿ ಕೊಟ್ಟಿದ್ದರಂತೆ. ಹಿಮ ಬೀಳುವ ಮೊದಲೇ ಬಿತ್ತುತ್ತಾರಂತೆ, ಪೈರು ಚಳಿಗಾಲವೆಲ್ಲ ಹಿಮದಡಿ ಮಲಗಿದ್ದು ಹಿಮ ಕರಗಿದ ಮೇಲೆ ಎದ್ದು ತೆನೆ ಬಿಡುತ್ತದಂತೆ. ಆ ಊರಿನಲ್ಲೂ ಈಗ ಅದನ್ನು ಬಿತ್ತುವವರು ಇಲ್ಲವೆನ್ನುವಷ್ಟು ಕಡಿಮೆ. ಎಂಥ ಚಳಿಯನ್ನೂ ತಡೆಯುತ್ತದೆ ಎಂದು ಅವಳು ಸಾಬೀತು ಮಾಡಿ ತೋರಿಸಿದರೆ ಮುಂದಿನ ವರ್ಷ ಹೊಲದ ಪ್ರಯೋಗಕ್ಕೆ ತೆಗೆದುಕೊಳ್ಳುತ್ತೇವೆ, ಈ ಬೇಸಿಗೆಯೊಳಗೆ ತೋರಿಸದಿದ್ದರೆ ಕೈಬಿಡುತ್ತೇವೆ ಎಂದು ಅವಳ ಗೈಡ್ ಹೇಳಿದ್ದರು. ಅವಳ ಡಾಕ್ಟರೇಟೂ ಅದರ ಮೇಲೇ ನಿಂತಿತ್ತು. ಹೀಗಿರುವಾಗ ಅವರ ಕಾಲೇಜಿನ ಚಳಿ ಪೆಟ್ಟಿಗೆ ಕೆಟ್ಟು ಕೂತಿತು. ಅವಳಿಗೆ ನೆನಪಾದದ್ದು ನಾನು.

ನಜೀರ್ ಸಾಬರನ್ನು ಕೇಳಿದೆ. ಅವರು ಬೀಡಿ ಕೆಳಗಿಳಿಸಿ ನಕ್ಕರು.

‘ಹುಣಸೆ ಮಧ್ಯ ಗೋಧಿ ಬೆಳೀತಾಳಾ ನಿನ್ ತಂಗಿ?’

‘ಬೆಳೆಯಕ್ಕಲ್ಲ ಸಾಹುಕಾರ್ರೇ, ಚಳೀಲಿ ಇಡಕ್ಕೆ.’

‘ಇಲ್ಲಿ ನಾವು ಸೆಕೆಗೆ ಸಾಯ್ತಿದೀವಿ, ಅದಕ್ಕೆ ಚಳಿ ಬೇಕಂತಾ? ಇಟ್ಕೊಳ್ಲಿ ಬುಡು. ಮೂರನೇ ನಂಬರ್ ರೂಮು ಚಿಕ್ಕದು, ಖಾಲಿ ಐತೆ. ಆದ್ರೆ ನಂಜುಂಡ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀನೇ ಜವಾಬ್ದಾರಿ, ನನ್ನ ಕೇಳ್ಬಾರ್ದು.’

ಶಿವರಾತ್ರಿ ಕಳೆದ ಮೇಲೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ನಾವು ಅಣ್ಣತಂಗಿ ಶಿವರಾತ್ರಿ ಕಳೆದ ಮೇಲೆ ಚಳಿಗಾಲ ಮಾಡಲು ಕೂತೆವು. ಗುಬ್ಬಿಯ ಮನೆ ಹಿತ್ತಲಲ್ಲಿ ಬೆಳೆಸಿದ ಎಳೆ ಪೈರಿನ ಟ್ರೇಗಳನ್ನು ಗೂಡ್ಸ್ ಆಟೋದಲ್ಲಿ ತಂದಳು. ಕಬ್ಬಿಣದ ರ‍್ಯಾಕು ಹಾಕಿ, ಮೇಲೆ ಟ್ಯೂಬ್‌ಲೈಟು ಕಟ್ಟಿಕೊಟ್ಟೆ. ಒಂದೇ ಸಲ ನಾಲ್ಕು ಡಿಗ್ರಿಗೆ ಇಳಿಸಲು ಹೋದಾಗ ಕೈ ಹಿಡಿದಳು.

‘ಮೆಲ್ಲಗೆ ಇಳಿಸಣ್ಣ. ಚಳಿಗಾಲ ಬರ್ತಾ ಇದೆ ಅಂತ ಅದಕ್ಕೂ ಗೊತ್ತಾಗ್ಬೇಕು. ತಯಾರಾಗಕ್ಕೆ ಟೈಮ್ ಬೇಕು.’

‘ಏನು ತಯಾರಿ? ಕಂಬಳಿ ಹೊದ್ಕೊಳ್ತದಾ?’

‘ಒಂಥರಾ ಹಂಗೇನೇ’ ಅಂದಳು.

ಒಂದೊಂದೇ ಮೆಟ್ಟಿಲು ಇಳಿಸಿ ಕೊನೆಗೆ ನಾಲ್ಕಕ್ಕೆ ನಿಲ್ಲಿಸಿದೆ. ದಿನ ಕಳೆದ ಹಾಗೆ ಪೈರು ಬೆಳೆಯುವುದನ್ನೇ ಬಿಟ್ಟಿತು. ಎಲೆಗಳು ದಪ್ಪಗಾಗಿ, ಕಡುಹಸಿರಾಗಿ, ಮಣ್ಣಿಗೆ ಅಂಟಿಕೊಂಡು ಮಲಗಿದವು. ಅಂಚಿನಲ್ಲಿ ನೇರಳೆ ಬಣ್ಣ. ರಾಗಿ ಪೈರು ಹೀಗಿದ್ದರೆ ರೋಗ ಅನ್ನುತ್ತಿದ್ದೆವು. ಶೈಲಾ ಮಾತ್ರ ಮಗು ಹಲ್ಲು ಬಿಟ್ಟ ಹಾಗೆ ಖುಷಿಪಟ್ಟಳು. ಒಂದು ಎಲೆ ಕಿತ್ತು ನನ್ನ ಬಾಯಿಗಿಟ್ಟಳು.

‘ಅಗಿ.’

ಅಗಿದೆ. ಸಿಹಿಯಾಗಿತ್ತು. ಎಳೆ ಕಬ್ಬಿನ ಸಿಪ್ಪೆ ಕಚ್ಚಿದ ಹಾಗೆ.

‘ಅದೇ ಅದರ ಕಂಬಳಿ’ ಅಂದಳು. ‘ನೀರನ್ನ ಫ್ರೀಜರಲ್ಲಿಟ್ರೆ ಕಲ್ಲಾಗ್ತದೆ. ಬೆಲ್ಲದ ಪಾಕ ಇಟ್ಟು ನೋಡು, ಅಷ್ಟು ಬೇಗ ಕಲ್ಲಾಗಲ್ಲ. ಚಳಿ ಶುರುವಾದ ತಕ್ಷಣ ಇದು ಮೈಯೊಳಗೆಲ್ಲ ಪಾಕ ಮಾಡ್ಕೊಳ್ತದೆ, ನೀರು ಕಮ್ಮಿ ಮಾಡ್ಕೊಳ್ತದೆ. ಹಿಮ ಬಿದ್ದಾಗ ಮಂಜುಗಡ್ಡೆ ಜೀವಕಣದ ಹೊರಗೆ ಕಟ್ಕೊಳ್ತದೆ, ಒಳಗೆ ಕಟ್ಟಲ್ಲ. ಎಲೆ ಸತ್ರೂ ಪರವಾಗಿಲ್ಲ ಅಣ್ಣ. ಜೀವ ಇರೋದು ಇಲ್ಲಿ.’ ಮಣ್ಣನ್ನು ಉಗುರಲ್ಲಿ ಸರಿಸಿ ಬುಡ ತೋರಿಸಿದಳು. ಬಿಳಿಯ ಸಣ್ಣ ಗಂಟು. ‘ಇದು ಉಳಿದ್ರೆ ಎಲ್ಲ ಉಳೀತು.’

‘ಅಷ್ಟು ಗಟ್ಟಿ ಪೈರಾದ್ರೆ ಭಯ ಯಾಕೆ?’

‘ಭಯ ಚಳೀದಲ್ಲ. ಮಧ್ಯದಲ್ಲಿ ಬರೋ ಬಿಸಿದು. ಚಳಿಗಾಲದ ನಡುವೆ ಒಂದೆರಡು ದಿನ ಬೆಚ್ಚಗಾಗಿ ಮತ್ತೆ ಹಿಮ ಬಿದ್ದ ವರ್ಷ ಆ ಊರಲ್ಲಿ ಬೆಳೆ ಹೋಗ್ತದಂತೆ. ಬೇಸಿಗೆ ಬಂತು ಅಂತ ನಂಬ್ಕೊಂಡು ಮಾಡಿಟ್ಟ ಪಾಕ ಎಲ್ಲ ಖರ್ಚು ಮಾಡ್ಕೊಂಡು ಎದ್ದು ನಿಲ್ತದೆ. ಎದ್ದು ನಿಂತಾಗ ಹೊಡೀತದೆ.’

ನಾನು ನಕ್ಕೆ. ‘ತಿಂಗಳುಗಟ್ಟಲೆ ಚಳಿ ಕುಡಿದಿದ್ದು ಒಂದು ದಿನಕ್ಕೆ ಮರೆತುಬುಡ್ತದಾ? ನನ್ ಹುಣಸೆ ನೋಡು, ಕರೆಂಟು ಹೋಗಿ ಒಂದಿನ ಮಷೀನ್ ನಿಂತ್ರೂ ಏನೂ ಆಗಲ್ಲ. ಬಾಗಿಲು ತೆಗೀದಿದ್ರೆ ಆಯ್ತು.’

‘ಹುಣಸೆ ಕಿತ್ತಿಟ್ಟ ಹಣ್ಣು ಅಣ್ಣ. ಇದು ಬದುಕಿರೋ ಪೈರು.’

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ನನಗೆ ಚುಚ್ಚಿತು. ಇಷ್ಟು ವರ್ಷ ಚಳಿಯಲ್ಲೇ ಬದುಕಿದವನಿಗೆ ಇವಳು ಪಾಠ ಹೇಳುತ್ತಾಳಲ್ಲ ಅನ್ನಿಸಿತು. ಮುಂದೆ ಆದದ್ದಕ್ಕೆಲ್ಲ ಈ ಸಣ್ಣ ಮುಳ್ಳೂ ಕಾರಣ. ಅದನ್ನು ಬಿಟ್ಟು ಬರೆದರೆ ಬರೆದು ಪ್ರಯೋಜನವಿಲ್ಲ.

ವಾರದಲ್ಲಿ ಒಂದೆರಡು ಸಲ ರೈಲಿನಲ್ಲಿ ಬಂದು ನೋಡಿ ಹೋಗುತ್ತಿದ್ದಳು. ಉಳಿದ ದಿನ ಸಂಜೆ ತಪ್ಪದೆ ಫೋನ್.

‘ಎಷ್ಟಿದೆ ಅಣ್ಣ?’

‘ನಾಲ್ಕು.’

ಅಷ್ಟೇ ಮಾತು. ಒಮ್ಮೊಮ್ಮೆ ಅವಳು ಕೇಳುವ ಮೊದಲೇ ನಾಲ್ಕು ಅಂದುಬಿಡುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು.

ಪೈರು ಪೂರ್ತಿ ಹದಕ್ಕೆ ಬಂದು, ಇನ್ನೇನು ಮುಂದಿನ ವಾರ ಹೆಪ್ಪುಗಟ್ಟಿಸಿ ಬದುಕುತ್ತದೋ ನೋಡುವುದು ಅನ್ನುವಾಗ, ಲೈನ್ ಕೆಲಸಕ್ಕೆ ಇಡೀ ದಿನ ಕರೆಂಟು ತೆಗೆಯುತ್ತಾರೆ ಎಂದು ಗೊತ್ತಾಯಿತು. ಶೈಲಾ ಅವತ್ತು ಗೈಡನ್ನು ನೋಡಲು ಬೆಂಗಳೂರಿಗೆ ಹೋಗಬೇಕಿತ್ತು.

‘ಜನರೇಟರ್ ಹಾಕ್ತೀಯಲ್ಲಣ್ಣ?’

‘ಹಾಕ್ತೀನಿ ಬುಡಮ್ಮ.’

‘ನೀನೇ ಇರ್ತೀಯಲ್ಲ?’

‘ಇನ್ಯಾರು ಇರ್ತಾರೆ?’

ಅದೇ ದಿನ ಕುಣಿಗಲ್‌ನಲ್ಲಿ ನನ್ನ ಷಡ್ಡಕನ ಹೊಸ ಮನೆ ಗೃಹಪ್ರವೇಶ. ನನ್ನ ಹೆಂಡತಿ ಗಿರಿಜಾ ಸೀರೆ ಮಡಿಸುತ್ತಾ ಹೇಳಿದಳು, ‘ನಮ್ಮ ಕಡೆಯೋರ ಮನೆ ಅಂದ್ರೆ ನಿಮಗೆ ಹುಣಸೆ ಮೂಟೆ ಅಡ್ಡ ಬರ್ತದೆ. ಈಗ ಗೋಧಿ ಬೇರೆ ಶುರುವಾಯ್ತು.’ ನನಗೂ ಹೋಗಬೇಕೆನ್ನಿಸಿತು. ಹಳೇ ಜನರೇಟರು ಪಕ್ಕದಲ್ಲಿ ಕೂತೇ ನಡೆಸಬೇಕಾದಂಥದ್ದು. ಬೆಳಿಗ್ಗೆ ಗೋದಾಮಿಗೆ ಹೋದವನು ಲೆಕ್ಕ ಹಾಕಿದೆ. ಹೇಗೂ ಮಷೀನ್ ನಿಲ್ಲುತ್ತದೆ, ಮೂರನೇ ಕೋಣೆಗೆ ಚಳಿ ಬಿಡುವ ಕಾಯಿಲ್ ಮೇಲೆ ಐಸು ದಪ್ಪಗೆ ಕಟ್ಟಿದೆ, ಇದೇ ಹೊತ್ತಿನಲ್ಲಿ ಕರಗಿಸಿಬಿಟ್ಟರೆ ಎರಡೂ ಕೆಲಸ ಆದ ಹಾಗೆ. ಹುಣಸೆ ಕೋಣೆಗಳಲ್ಲಿ ನಾನು ಮಾಡುತ್ತಿದ್ದದ್ದೂ ಹಾಗೆಯೇ. ಪೈಪು ಹಿಡಿದು ಕಾಯಿಲ್‌ಗೆ ನೀರು ಬಿಟ್ಟೆ. ಮೇಲಿನ ಟ್ಯಾಂಕಿನ ನೀರು, ಬಿಸಿಲಿಗೆ ಕಾದದ್ದು. ಐಸು ಹಾಳೆ ಹಾಳೆಯಾಗಿ ಬಿತ್ತು. ಬಾಗಿಲು ಬಿಗಿಯಾಗಿ ಹಾಕಿದೆ. ಸಂಜೆಯೊಳಗೆ ಬಂದು ಮಷೀನಿನ ಹಸಿರು ಗುಂಡಿ ಒತ್ತಿದರಾಯಿತು ಅಂದುಕೊಂಡು ಕುಣಿಗಲ್ ಬಸ್ಸು ಹತ್ತಿದೆ.

ಊಟ ತಡವಾಯಿತು. ಷಡ್ಡಕ ಮನೆ ಪೂರ್ತಿ ತೋರಿಸದೆ ಬಿಡಲಿಲ್ಲ. ಸಂಜೆ ಶಾಮಿಯಾನದ ಕೆಳಗೆ ಕೂತಿದ್ದಾಗ ಫೋನ್ ಬಂತು. ಹೆಸರು ನೋಡಿದೆ. ಶೈಲಾ.

‘ಎಷ್ಟಿದೆ ಅಣ್ಣ?’

‘ನಾಲ್ಕು.’

ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನೇ ಹೇಳಿತು. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಒಂದು ಗಳಿಗೆ ಇತ್ತು. ಅಷ್ಟರಲ್ಲಿ ಅವಳೇ ಕೇಳಿದಳು, ‘ಏನಣ್ಣ ಅಷ್ಟು ಗಲಾಟೆ?’

‘ಹಮಾಲ್ರು ಮೂಟೆ ಇಳಿಸ್ತಾವ್ರೆ’ ಅಂದೆ. ಹಿಂದೆ ಯಾರೋ ಇನ್ನೂ ಎರಡು ಹೋಳಿಗೆ ತರಲು ಕೂಗುತ್ತಿದ್ದರು.

ಅವತ್ತೇ ಹೊರಡುತ್ತೇನೆಂದೆ. ಷಡ್ಡಕ ಚಪ್ಪಲಿ ಎತ್ತಿ ಬಚ್ಚಿಟ್ಟ. ‘ಏನ್ ಭಾವ, ನಿಮ್ ಹುಣಸೆಹಣ್ಣು ಓಡಿಹೋಗ್ತದಾ?’ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಹೇಗೂ ಬಾಗಿಲು ಹಾಕಿದೆಯಲ್ಲ, ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ. ತಂಗಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಅನ್ನುವ ಹಟವೂ ಒಳಗೆ ಕೂತಿತ್ತು. ಮಾರನೇ ದಿನ ಮಧ್ಯಾಹ್ನದ ಊಟ ಮುಗಿಸಿಯೇ ಹೊರಟೆ.

ಮೂರನೇ ಕೋಣೆಯ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯಬೇಕಾದ ಚಳಿ ಹೊಡೆಯಲಿಲ್ಲ. ಅಡುಗೆಮನೆಯ ಹಾಗೆ ಬೆಚ್ಚಗಿತ್ತು. ಕರೆಂಟು ಬಂದಾಗ ಟ್ಯೂಬ್‌ಲೈಟುಗಳು ತಾವೇ ಹತ್ತಿಕೊಂಡಿದ್ದವು. ಮಷೀನ್ ಮಾತ್ರ ಕೈಯಿಂದ ಒತ್ತಿದರೆ ಏಳುವಂಥದ್ದು. ಮುಚ್ಚಿದ ಕೋಣೆಯಲ್ಲಿ ಆ ದೀಪಗಳೂ ಕಾಯಿಸಿದ್ದವು. ಶೈಲಾ ಗೋಡೆಗೆ ತೂಗುಹಾಕಿದ್ದ ಮೀಟರು ಆವತ್ತಿನವರೆಗೆ ಮುಟ್ಟಿದ ಅತಿ ಹೆಚ್ಚು ಬಿಸಿಯನ್ನು ನೆನಪಿಟ್ಟುಕೊಳ್ಳುವಂಥದ್ದು. ಇಪ್ಪತ್ತಾರು ಎಂದು ತೋರಿಸುತ್ತಿತ್ತು.

ಪೈರು ಚೆನ್ನಾಗಿ ಕಾಣುತ್ತಿತ್ತು. ಇದನ್ನು ಹೇಳಲು ನನಗೆ ಈಗಲೂ ಕಷ್ಟ. ಮಲಗಿದ್ದ ಎಲೆಗಳೆಲ್ಲ ಎದ್ದು ನೆಟ್ಟಗೆ ನಿಂತಿದ್ದವು. ನಡುವೆ ಹೊಸ ಎಲೆ, ಗಿಳಿಹಸಿರು. ಯಾರು ನೋಡಿದರೂ ಮೆಚ್ಚುವಂತಿತ್ತು. ಒಂದು ಗಳಿಗೆ ನಾನೂ ಮೆಚ್ಚಿದೆ. ಆಮೇಲೆ ಅವಳ ಮಾತು ನೆನಪಾಗಿ ಒಂದು ಎಲೆ ಕಿತ್ತು ಅಗಿದೆ. ಬರೀ ಹುಲ್ಲು. ಸಿಹಿ ಇರಲಿಲ್ಲ. ಇನ್ನೊಂದು ಟ್ರೇಯಿಂದ ಕಿತ್ತು ಅಗಿದೆ. ಅದೂ ಹುಲ್ಲು.

ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ನಾಲಿಗೆಗೇ ಗೊತ್ತಾಯಿತು.

ಮೊದಲು ಹಸಿರು ಗುಂಡಿ ಒತ್ತಿದೆ. ಮಷೀನ್ ಎದ್ದಿತು. ಆಮೇಲೆ ಮೀಟರಿನ ಪಕ್ಕದಲ್ಲಿದ್ದ ಸಣ್ಣ ಗುಂಡಿಯ ಮೇಲೆ ಬೆರಳಿಟ್ಟೆ. ಅದನ್ನು ಒತ್ತಿದರೆ ಹಳೆಯದು ಅಳಿಸುತ್ತದೆ ಎಂದು ಅವಳೇ ಒಮ್ಮೆ ತೋರಿಸಿಕೊಟ್ಟಿದ್ದಳು. ಕೋಣೆ ಮತ್ತೆ ನಾಲ್ಕಕ್ಕೆ ಇಳಿಯುವವರೆಗೆ ಹೊರಗೆ ಹುಣಸೆ ಮೂಟೆಯ ಮೇಲೆ ಕೂತು ಕಾದೆ. ಇಳಿದ ಮೇಲೆ ಒತ್ತಿದೆ.

ಶೈಲಾ ಬಂದಾಗ ಬಾಗಿಲಲ್ಲೇ ನಿಂತಳು.

‘ಎಲೆ ಯಾಕಣ್ಣ ಎದ್ದು ನಿಂತಿವೆ?’

‘ಗೊಬ್ಬರದ ನೀರು ಹಾಕಿದ್ಯಲ್ಲ ಹೋದ ಸಲ. ಅದಕ್ಕಿರಬೇಕು.’

‘ಬಿಸಿ ಏನಾದ್ರೂ ತಾಕ್ತಾ?’

‘ಎಲ್ಲಿ ತಾಕ್ತದೆ?’

ಅವಳು ಪೈರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಎಲೆಯನ್ನು ಬೆರಳ ನಡುವೆ ಹಿಡಿದಳು. ಈಗ ಕಿತ್ತು ಬಾಯಿಗಿಡುತ್ತಾಳೆ ಅಂದುಕೊಂಡೆ. ಬೇಡ, ಇನ್ನು ಇವನ್ನು ಮುಟ್ಟಬಾರದು ಎಂದು ತಾನೇ ಹೇಳಿಕೊಂಡು ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತು ನಾನು ಸಾಯುವವರೆಗೆ ಮರೆಯುವುದಿಲ್ಲ.

‘ಏನಾದ್ರೂ ಆಗಿದ್ರೆ ಹೇಳಣ್ಣ, ಬೈಯಲ್ಲ. ಇನ್ನೊಂದೆರಡು ವಾರ ಚಳೀಲೇ ಬಿಟ್ರೆ ಮತ್ತೆ ತಯಾರಾಗ್ತವೆ. ಅಷ್ಟು ಟೈಮ್ ಇದೆ. ಅನುಮಾನ ಇಟ್ಕೊಂಡು ಹೆಪ್ಪುಗಟ್ಟಿಸ್ಬಾರ್ದು.’

ಅವಳು ನನಗೆ ಬಾಗಿಲು ತೆರೆದೇ ಹಿಡಿದಿದ್ದಳು. ಒಂದು ಮಾತು ಹೇಳಿದ್ದರೆ ಗೋಧಿ ಉಳಿಯುತ್ತಿತ್ತು, ಅವಳ ಓದು ಉಳಿಯುತ್ತಿತ್ತು. ನಾನು ಗೋಡೆಯ ಕಡೆ ಕೈ ತೋರಿಸಿದೆ.

‘ಮೀಟರ್ ಐತಲ್ಲ, ನೋಡ್ಕೋ.’

ನೋಡಿದಳು. ನಾಲ್ಕು, ಅತಿ ಹೆಚ್ಚು ಐದು. ಅವಳ ಮುಖ ಹಗುರವಾಯಿತು. ‘ಸರಿ ಬಿಡು, ನೀನಿದ್ಯಲ್ಲ’ ಅಂದಳು.

ಮಾರನೇ ದಿನ ಬೆಳಿಗ್ಗೆ ಗೋದಾಮಿನಲ್ಲೇ ಇದ್ದ ಡೀಪ್ ಫ್ರೀಜರಿಗೆ ಟ್ರೇಗಳನ್ನಿಟ್ಟೆವು. ಸೊನ್ನೆಗಿಂತ ಕೆಳಗೆ ಇಳಿದ ಮೇಲೆ ಅವಳು ಪುಡಿ ಐಸನ್ನು ಮಣ್ಣಿನ ಮೇಲೆ ವಿಭೂತಿಯ ಹಾಗೆ ಉದುರಿಸಿದಳು. ಮಂಜುಗಡ್ಡೆ ಹೊರಗಿನಿಂದ ಮೆಲ್ಲಗೆ ಕಟ್ಟಬೇಕಂತೆ, ಬೆಟ್ಟದಲ್ಲಿ ಹಾಗೇ ಆಗುವುದಂತೆ. ಇಡೀ ದಿನ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದಳು. ಪ್ರತಿ ಸಲ ಅವಳು ಗುಂಡಿ ತಿರುಗಿಸುವಾಗಲೂ ಈಗ ಹೇಳಿಬಿಡಲೇ ಅನ್ನಿಸುತ್ತಿತ್ತು. ಪ್ರತಿ ಸಲವೂ, ಒಂದು ವೇಳೆ ಬದುಕಿಕೊಂಡರೆ ಹೇಳುವುದೇ ಬೇಕಿಲ್ಲವಲ್ಲ ಅನ್ನಿಸುತ್ತಿತ್ತು. ಹುಣಸೆ ವ್ಯಾಪಾರಿಗಳು ಹರಕೆ ಹೊರುವ ಹಾಗೆ ನಾನು ಆ ಗೋಧಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಹೊರಗೆ ತೆಗೆದು ಕರಗಿಸಿದಾಗ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ನೀರುನೀರಾಗಿದ್ದವು. ಶೈಲಾ ಹೆದರಲಿಲ್ಲ. ‘ಎಲೆ ಹೋಗ್ಲಿ, ಬುಡ ಇದೆ’ ಅಂದಳು. ಆಮೇಲೆ ದಿನವೂ ಗುಬ್ಬಿಯಿಂದ ಬಂದಳು. ಹೋಲಿಸಿ ನೋಡಲು ಇಟ್ಟಿದ್ದ ನಮ್ಮ ಕಡೆಯ ಸಾಧಾರಣ ಗೋಧಿ ಸತ್ತಿತ್ತು, ಅದು ಸಾಯಬೇಕಾದದ್ದೇ. ಕೆಂಪು ಗೋಧಿಯ ಬುಡದಲ್ಲಿ ಹಸಿರು ಹುಡುಕುತ್ತಿದ್ದಳು. ಅವಳು ಬರುವ ಮೊದಲೇ ಹೋಗಿ ನಾನು ಹುಡುಕಿರುತ್ತಿದ್ದೆ. ಒಂದು ದಿನ ಹೆಬ್ಬೆರಳಲ್ಲಿ ಒಂದು ಬುಡ ಒತ್ತಿದಳು. ಕೊಳೆತ ಈರುಳ್ಳಿಯ ಹಾಗೆ ಮೆತ್ತಗೆ ಬಂತು. ಹೊರಗೆ ಹೋಗಿ ಹುಣಸೆ ಮೂಟೆಯ ಮೇಲೆ ಕೂತಳು.

‘ಆ ಅಜ್ಜಿ ಸುಳ್ಳು ಹೇಳಿದ್ರಾ ಅಣ್ಣ? ಹಿಮದ ಕೆಳಗೆ ಬದುಕ್ತದೆ ಅಂದಿದ್ರಲ್ಲ.’

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಇದು: ‘ಹಳೇ ಕಾಲದೋರು ಹೇಳೋದೆಲ್ಲ ನಂಬಕ್ಕಾಗ್ತದಾ ಶೈಲಾ?’

ತಲೆಯಾಡಿಸಿದಳು. ನಂಬಿದಳು. ಆ ಗೋಧಿ ಚಳಿ ತಡೆಯುವುದಿಲ್ಲ ಎಂದು ತನ್ನ ಕೈಯಾರೆ ಬರೆದುಕೊಟ್ಟಳು. ಗೈಡ್ ಕೈಬಿಟ್ಟರು. ಮತ್ತೆ ಬೆಳೆಸಿ ನೋಡಲು ಆ ಬೇಸಿಗೆಯಲ್ಲಿ ಕಾಲವೂ ಉಳಿದಿರಲಿಲ್ಲ, ಬೀಜವೂ ಒಂದು ಹಿಡಿಗಿಂತ ಹೆಚ್ಚಿರಲಿಲ್ಲ. ಆಮೇಲೆ ಅವಳು ಓದಿನ ಮಾತು ನಿಲ್ಲಿಸಿದಳು. ಈಗ ಗುಬ್ಬಿಯಲ್ಲಿ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತಾಳೆ. ಬಿದರೆಹಳ್ಳಿ ಕಾವಲ್ ಹೆಲಿಕಾಪ್ಟರ್ ಫ್ಯಾಕ್ಟರಿಯವರ ಮಕ್ಕಳೂ ಅವಳ ಹತ್ತಿರ ಬರುತ್ತಾರೆ. ನಾನು ಹುಣಸೆ ಗೋದಾಮು ಬಿಟ್ಟೆ. ಮೂರನೇ ಕೋಣೆಯ ಬಾಗಿಲು ತೆಗೆಯುವಾಗೆಲ್ಲ ಮುಖಕ್ಕೆ ಆ ಬೆಚ್ಚನೆ ಗಾಳಿಯೇ ಹೊಡೆದ ಹಾಗಾಗುತ್ತಿತ್ತು.

ಬಸ್ಸು ಗುಬ್ಬಿ ಮುಟ್ಟಿದಾಗ ಬಿಸಿಲು ಸುಡುತ್ತಿತ್ತು. ಶೈಲಾಳ ಅಡುಗೆಮನೆಯಲ್ಲಿ ಫ್ರಿಜ್ಜಿನೊಳಗಿನದ್ದೆಲ್ಲ ಕಟ್ಟೆಯ ಮೇಲೆ ಬಂದಿತ್ತು. ನಾನು ಫ್ರಿಜ್ ತಿರುಗಿಸಿ ಹಿಂದೆ ಕೂತು ಥರ್ಮೋಸ್ಟಾಟ್ ಬದಲಾಯಿಸಿದೆ. ಮಷೀನ್ ಎದ್ದಿತು. ತಣ್ಣಗಾಗುತ್ತದೋ ನೋಡಲು ಒಳಗೆ ನನ್ನ ಮೀಟರ್ ಇಟ್ಟು ಕಾದೆ. ಆ ಹೊತ್ತಿಗೆ ಅವಳ ಅತ್ತೆ ಕಟ್ಟೆಯ ಮೇಲಿನ ಒಂದು ಸಣ್ಣ ಡಬ್ಬಿ ಎತ್ತಿದರು.

‘ಇದೇನ್ ಶೈಲಾ, ಈ ಗೋಧಿ ಎಷ್ಟು ಕಾಲದಿಂದ ಆ ಮೂಲೇಲಿ ಕೂತೈತೆ? ಇವತ್ತು ಮಿಲ್ಲಿಗೆ ಕೊಡ್ತಾ ಇದೀನಿ, ಇದನ್ನೂ ಸೇರಿಸ್ಬುಡ್ಲಾ?’

ಒಂದು ಹಿಡಿ ಕೆಂಪು ಗೋಧಿ. ಗಾಜಿನ ಡಬ್ಬಿ, ಹೊರಗಿನಿಂದಲೇ ಕಾಣುತ್ತಿತ್ತು.

‘ಸೇರಿಸಿ ಅತ್ತೆ’ ಅಂದಳು ಶೈಲಾ, ಪಾತ್ರೆ ಒರೆಸುತ್ತಲೇ. ‘ಸುಮ್ನೆ ಇಟ್ಕೊಂಡಿದ್ದೆ. ಅದು ಚಳಿ ತಡೆಯೋ ಜಾತಿ ಅಲ್ಲ ಅಂತ ಯಾವಾಗ್ಲೋ ಗೊತ್ತಾಯ್ತಲ್ಲ.’

ಅವರು ಡಬ್ಬಿಯ ಮುಚ್ಚಳ ತೆಗೆದರು. ಕೆಳಗೆ ಮಿಲ್ಲಿಗೆ ಹೋಗುವ ಗೋಧಿಯ ಡಬ್ಬ ಬಾಯಿ ತೆರೆದುಕೊಂಡಿತ್ತು. ಶೈಲಾ ನನ್ನ ಕಡೆ ತಿರುಗಿ, ಹಳೇ ಅಭ್ಯಾಸದಲ್ಲಿ ಕೇಳಿದಳು.

‘ಎಷ್ಟಿದೆ ಅಣ್ಣ?’

ನಾನು ಎದ್ದು ಹೋಗಿ ಡಬ್ಬಿಯ ಬಾಯಿಗೆ ನನ್ನ ಅಂಗೈ ಅಡ್ಡ ಇಟ್ಟೆ. ಅತ್ತೆ ಗಾಬರಿಯಾಗಿ ನನ್ನ ಮುಖ ನೋಡಿದರು.

‘ಇಪ್ಪತ್ತಾರಿತ್ತು’ ಅಂದೆ.

‘ಫ್ರಿಜ್ಜಾ?’

‘ಫ್ರಿಜ್ ಅಲ್ಲ. ಮೂರನೇ ರೂಮು. ಕರೆಂಟು ತೆಗೆದಿದ್ರಲ್ಲ ಅವತ್ತು, ನಾನು ಜನರೇಟರ್ ಹಾಕ್ಲಿಲ್ಲ. ನೀನು ಫೋನ್ ಮಾಡ್ದಾಗ ಕುಣಿಗಲ್‌ನಲ್ಲಿದ್ದೆ. ಮಾರನೇ ದಿನ ಬಂದು ನೋಡಿದ್ರೆ ಇಪ್ಪತ್ತಾರು. ಎಲೆ ಅಗಿದು ನೋಡ್ದೆ, ಸಿಹಿ ಇರ್ಲಿಲ್ಲ. ಮೀಟರ್ ಅಳಿಸಿದೋನು ನಾನೇ. ನೀನು ಕೇಳಿದಾಗ್ಲೂ ಹೇಳ್ಲಿಲ್ಲ.’

ಅವಳ ಕೈಯಲ್ಲಿದ್ದ ಬಟ್ಟೆ ಪಾತ್ರೆಯ ಮೇಲೆ ಹಾಗೇ ನಿಂತಿತು. ಡಬ್ಬಿಯನ್ನು ಅವಳ ಕೈಗಿಟ್ಟೆ.

‘ಆ ಅಜ್ಜಿ ಸುಳ್ಳು ಹೇಳ್ಲಿಲ್ಲ ಶೈಲಾ. ಈ ಗೋಧಿದು ತಪ್ಪಿಲ್ಲ, ನಿಂದೂ ಇಲ್ಲ. ನಂದು. ತಪ್ಪಾಯ್ತು ಕಣಮ್ಮ, ನನ್ನ ಕ್ಷಮಿಸು.’